ಮುಚ್ಚಿಹೋದ ತಂಡದ ಲೆಕ್ಕ: ಓಸ್ಲೋದಲ್ಲಿರುವ ಪುಟ್ಟಿಗೆ

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಸ್ಪೆಕ್ಟ್ರುಮ್ ಫ್ಲೈಯರ್ಸ್ ಐಸ್ ಹಾಕಿ ತಂಡದ ಸೀಸನ್‌ವಾರು ದಾಖಲೆ ಸಿದ್ಧಪಡಿಸಲು ಹೊರಟಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. 1994ರಿಂದ 1996ರವರೆಗೆ ಮಾತ್ರ ಬದುಕಿದ್ದ ತಂಡ, ಎರಡೇ ಸೀಸನ್, ಒಂದು ಸಂಜೆಯಲ್ಲಿ ಮುಗಿದೀತು ಎಂದು ನಿನಗೆ ಅನ್ನಿಸಿರಬಹುದು. ಆದರೆ ಆಡುತ್ತಿರುವ ತಂಡದ ಪಟ್ಟಿಯಲ್ಲಿ ತಪ್ಪಿದ್ದರೆ ತಿದ್ದುವುದಕ್ಕೆ ಅದರ ಅಭಿಮಾನಿಗಳು ಇರುತ್ತಾರೆ. ಮುಚ್ಚಿಹೋದ ತಂಡಕ್ಕೆ ಹಾಗೆ ಕಾಯುವವರಿಲ್ಲ. ನೀನು ಬರೆದ ತಪ್ಪನ್ನು ಮುಂದಿನವರು ಹಾಗೇ ನಕಲು ಮಾಡುತ್ತಾರೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಅಂಕಿಗಳಿಗೆ ಕೈಹಾಕುವ ಮೊದಲು ಈ ತಂಡ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ತೀರ್ಮಾನಿಸು. ಉಳಿದ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಫ್ಲೈಯರ್ಸ್‌ನ ಬೇರು ಫುರುಸೆಟ್ ಕ್ಲಬ್ಬಿನಲ್ಲಿದೆ. ಫುರುಸೆಟ್ 1980, 1983 ಮತ್ತು 1990ರಲ್ಲಿ ನಾರ್ವೆಯ ಚಾಂಪಿಯನ್ ಆಗಿತ್ತು. ಆ ಪ್ರಶಸ್ತಿಗಳನ್ನು ಫ್ಲೈಯರ್ಸ್ ಪಟ್ಟಿಯ ತಲೆಗೆ ಹಚ್ಚಬೇಕೆಂಬ ಆಸೆ ಬರುತ್ತದೆ, ಹಚ್ಚಬೇಡ. ನಮ್ಮ ಮೈಸೂರು ರಣಜಿ ತಂಡ ಕರ್ನಾಟಕವಾದಾಗ ಬದಲಾದದ್ದು ಹೆಸರು ಮಾತ್ರ, ಸಂಸ್ಥೆ ಅದೇ. ಹಾಗಾಗಿ ಹಳೆಯ ಮೈಸೂರಿನ ಪಂದ್ಯಗಳನ್ನೂ 1973-74ರ ಮೊದಲ ಪ್ರಶಸ್ತಿಯನ್ನೂ ಒಂದೇ ಸಾಲಿನಲ್ಲಿ ಇಡುತ್ತೇವೆ. ಇಲ್ಲಿ ಹಾಗಲ್ಲ. ಫ್ಲೈಯರ್ಸ್ ಹೋದ ಮೇಲೂ ಫುರುಸೆಟ್ ಎಂಬ ಕ್ಲಬ್ ಉಳಿಯಿತು. ಉಳಿದ ಕ್ಲಬ್ಬಿನ ಹಿರಿಮೆಯನ್ನು ಹೋದ ತಂಡಕ್ಕೆ ಕೊಟ್ಟರೆ ಒಂದೇ ಪ್ರಶಸ್ತಿಯನ್ನು ಎರಡು ಕಡೆ ಎಣಿಸಿದಂತಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ 1994–95 ಮತ್ತು 1995–96 ಎಂಬ ಎರಡೇ ಸಾಲು ಇರಲಿ. ಹಿಂದಿನ ಮುಂದಿನ ನಂಟನ್ನು ಪಟ್ಟಿಯ ಮೇಲೊಂದು, ಕೆಳಗೊಂದು ವಾಕ್ಯದಲ್ಲಿ ಬರೆ.

ಈ ಗೊಂದಲ ಹುಟ್ಟುವುದಕ್ಕೆ ಕಾರಣ ನಾರ್ವೆಯ ಕ್ರೀಡಾ ವ್ಯವಸ್ಥೆ. ಅಲ್ಲಿ ಕ್ಲಬ್ ಎಂದರೆ ಸದಸ್ಯರ ಸಂಘ. ಮಕ್ಕಳ ತಂಡ, ಜೂನಿಯರ್ ತಂಡ ಎಲ್ಲ ಅದರದ್ದು. ಮೇಲ್ದರ್ಜೆಯ ತಂಡವನ್ನು ನಡೆಸುವುದಕ್ಕೆ ಹಲವು ಕಡೆ ಬೇರೆ ಷೇರು ಕಂಪನಿ ಇರುತ್ತದೆ, ಅದರ ಹೆಸರಿನ ಕೊನೆಗೆ ‘ಎ.ಎಸ್.’ ಎಂದಿರುತ್ತದೆ. ದಿವಾಳಿಯಾಗುವುದು ಸಾಮಾನ್ಯವಾಗಿ ಕಂಪನಿ. ಸಂಘ ಕೆಳಗಿನ ದರ್ಜೆಯಲ್ಲಿ ಆಟ ಮುಂದುವರಿಸುತ್ತದೆ. ಪತ್ರಿಕೆಯ ತಲೆಬರಹ ಮಾತ್ರ ‘ಕ್ಲಬ್ ದಿವಾಳಿ’ ಎಂದೇ ಇರುತ್ತದೆ. ಅದನ್ನು ನಂಬಿ ಗೆರೆ ಎಳೆಯಬೇಡ. ಬ್ರೊನ್ನೊಯ್‌ಸುಂಡ್ ನೋಂದಣಿ ಕೇಂದ್ರದಲ್ಲಿ ಪ್ರತಿ ಸಂಸ್ಥೆಗೂ ಒಂಬತ್ತು ಅಂಕಿಯ ಸಂಖ್ಯೆ ಇದೆ, ದಿವಾಳಿ ಮತ್ತು ವಿಸರ್ಜನೆಯ ಪ್ರಕಟಣೆಗಳು ಸಾರ್ವಜನಿಕವಾಗಿ ಸಿಗುತ್ತವೆ. ಅಲ್ಲಿ ಸಿಗದ ಹಳೆಯ ಪ್ರಕಟಣೆಗಳಿಗೆ ‘ನೋಷ್ಕ್ ಲೀಸಿಂಗ್ಸ್‌ಬ್ಲಾಡ್’ ಎಂಬ ಸರ್ಕಾರಿ ಪ್ರಕಟಣಾ ಪತ್ರಿಕೆಯನ್ನು ತಿರುವಿಹಾಕು. ಕಂಪನಿಯ ಕೊನೆಯ ದಿನ, ತಂಡದ ಕೊನೆಯ ಪಂದ್ಯದ ದಿನ, ಸಂಘ ಆ ಹೆಸರು ಬಿಟ್ಟ ದಿನ, ಈ ಮೂರೂ ಬೇರೆ ಬೇರೆ ಇರಬಹುದು. ಮೂರನ್ನೂ ಬರೆದಿಟ್ಟುಕೋ, ಸೀಸನ್ ಪಟ್ಟಿಗೆ ಮಾತ್ರ ಕೊನೆಯ ಪಂದ್ಯವೇ ಗಡಿ.

ಈಗ ಮೂಲಗಳ ಮಾತು. ನಿನ್ನ ದೊಡ್ಡ ಆಸ್ತಿ ಎಂದರೆ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯ. ಅದರ ಕಟ್ಟಡ ಓಸ್ಲೋದ ಸೊಲ್ಲಿ ಪ್ಲಾಸ್‌ನಲ್ಲಿದೆ, ಇನ್ನೊಂದು ನೆಲೆ ಉತ್ತರದ ಮೂ ಇ ರಾನಾದಲ್ಲಿ. ಹಳೆಯ ಪತ್ರಿಕೆಗಳು ಸ್ಕ್ಯಾನ್ ಆಗಿ ಪದ ಹುಡುಕುವಂತಿವೆ. ಹಲವು ಪತ್ರಿಕೆಗಳನ್ನು ಮನೆಯಿಂದ ನೋಡಲಾಗದು, ಗ್ರಂಥಾಲಯದ ಕಂಪ್ಯೂಟರಿನಲ್ಲೇ ಕೂರಬೇಕಾದೀತು. ಓಸ್ಲೋ ತಂಡಕ್ಕೆ ‘ಆಫ್ಟನ್‌ಪೋಸ್ಟನ್’ ಮತ್ತು ‘ವಿಜಿ’ ನೋಡುತ್ತೀಯ, ಸರಿ. ಆದರೆ ಎದುರಾಳಿಯ ಊರಿನ ಪತ್ರಿಕೆಯನ್ನೂ ಬಿಡಬೇಡ. ಹಾಮರ್‌ನಲ್ಲಿ ಆಡಿದ ಪಂದ್ಯದ ವಿವರ ‘ಹಾಮರ್ ಆರ್ಬೈದರ್‌ಬ್ಲಾಡ್’ನಲ್ಲಿ, ಸಾರ್ಪ್ಸ್‌ಬೋರ್ಗ್‌ನದು ‘ಸಾರ್ಪ್ಸ್‌ಬೋರ್ಗ್ ಆರ್ಬೈದರ್‌ಬ್ಲಾಡ್’ನಲ್ಲಿ ಹೆಚ್ಚು ತುಂಬಿಕೊಂಡಿರುತ್ತದೆ. ರಾಜಧಾನಿಯ ಪತ್ರಿಕೆ ಒಂದು ಸಾಲಿನಲ್ಲಿ ಮುಗಿಸಿದ್ದನ್ನು ಊರಿನ ಪತ್ರಿಕೆ ಗೋಲು ಹೊಡೆದವರ ಹೆಸರು, ನಿಮಿಷ, ಪ್ರೇಕ್ಷಕರ ಸಂಖ್ಯೆ ಸಮೇತ ಕೊಡುತ್ತದೆ.

ಈ ತಂಡದ ಹೆಸರನ್ನು ಹುಡುಕುವುದೇ ಒಂದು ತಲೆನೋವು. ‘ಸ್ಪೆಕ್ಟ್ರುಮ್’ ಎಂದಷ್ಟೇ ಕೊಟ್ಟರೆ 1990ರ ಕೊನೆಯಲ್ಲಿ ತೆರೆದ ಓಸ್ಲೋ ಸ್ಪೆಕ್ಟ್ರುಮ್ ಸಭಾಂಗಣದ ಸಂಗೀತ ಕಾರ್ಯಕ್ರಮಗಳೆಲ್ಲ ಮೈಮೇಲೆ ಬೀಳುತ್ತವೆ. ‘ಫ್ಲೈಯರ್ಸ್’ ಎಂದು ಕೊಟ್ಟರೆ ಅಮೆರಿಕದ ಫಿಲಡೆಲ್ಫಿಯಾ ಫ್ಲೈಯರ್ಸ್ ಬರುತ್ತದೆ. ವರ್ಷದ ಮಿತಿ ಹಾಕದಿದ್ದರೆ ಬರ್ಗನ್ ಫ್ಲೈಯರ್ಸ್ ಕೂಡ. ಹಾಗಾಗಿ 1994ರ ಆಗಸ್ಟ್‌ನಿಂದ 1996ರ ಮೇ ವರೆಗೆ ದಿನಾಂಕ ಕಟ್ಟಿ, ಎದುರಾಳಿಯ ಹೆಸರನ್ನು ಜೊತೆಗೆ ಸೇರಿಸಿ ಹುಡುಕು: ಫ್ಲೈಯರ್ಸ್ ಮತ್ತು ಸ್ಟೂರ್‌ಹಾಮರ್, ಫ್ಲೈಯರ್ಸ್ ಮತ್ತು ವೊಲೆರೆಂಗಾ, ಹೀಗೆ. ಕಿರಿದಾದ ಅಂಕಣದಲ್ಲಿ ‘ಸ್ಪ. ಫ್ಲೈಯರ್ಸ್’ ಎಂಬಂತೆ ಹೆಸರನ್ನು ಮೊಟಕು ಮಾಡಿರುವುದೂ ಉಂಟು. ಪದ ಹುಡುಕಿದಾಗ ಸಿಗದ ಪಂದ್ಯಕ್ಕೆ, ಮರುದಿನದ ಕ್ರೀಡಾಪುಟವನ್ನು ಕಣ್ಣಾರೆ ಓದುವುದೇ ದಾರಿ. ಈಸ್ಟರ್ ಮತ್ತು ಕ್ರಿಸ್ಮಸ್ ದಿನಗಳಲ್ಲಿ ಅಲ್ಲಿಯ ಪತ್ರಿಕೆಗಳು ಹೊರಡುವುದಿಲ್ಲ, ಆ ಫಲಿತಾಂಶಗಳು ಹಲವು ದಿನ ಬಿಟ್ಟು ಒಟ್ಟಿಗೆ ಬರುತ್ತವೆ.

ನಾಲ್ಕು ನಾರ್ವೇಜಿಯನ್ ಪದ ಬಾಯಿಪಾಠ ಮಾಡಿಕೋ. ‘ಸೀರಿಯೆ’ ಎಂದರೆ ಲೀಗ್ ಹಂತ, ‘ಸ್ಲುಟ್‌ಸ್ಪಿಲ್’ ಎಂದರೆ ಪ್ಲೇಆಫ್, ‘ಕ್ವಾಲಿಫಿಸೆರಿಂಗ್’ ಎಂದರೆ ಮೇಲಿನ ದರ್ಜೆಯಲ್ಲಿ ಉಳಿಯಲು ಅಥವಾ ಏರಲು ಆಡುವ ಅರ್ಹತಾ ಹಂತ, ‘ನೆಡ್‌ರಿಕ್’ ಎಂದರೆ ಕೆಳದರ್ಜೆಗೆ ಇಳಿಯುವುದು. ಲೀಗ್‌ನಲ್ಲಿ ಮೊದಲು ಬಂದವರು ಸೀರಿಯೆಮೆಸ್ಟರ್, ಪ್ಲೇಆಫ್ ಗೆದ್ದವರು ನಾರ್ವೆ ಚಾಂಪಿಯನ್. ಎರಡಕ್ಕೂ ಬೇರೆ ಬೇರೆ ಅಂಕಣ ಇಡು. ಇವನ್ನು ಬೆರೆಸಿದ ಪಟ್ಟಿಗಳು ಲೆಕ್ಕವಿಲ್ಲದಷ್ಟಿವೆ.

ವರ್ಷದ ವಿಷಯದಲ್ಲೂ ಎಚ್ಚರ. ಸೀಸನ್ ಶರತ್ಕಾಲದಲ್ಲಿ ಶುರುವಾಗಿ ಮರುವರ್ಷದ ವಸಂತದಲ್ಲಿ ಮುಗಿಯುತ್ತದೆ, ಪ್ರಶಸ್ತಿಗೆ ಮುಗಿದ ವರ್ಷದ ಹೆಸರು. ಲಿಲ್ಲೆಹಾಮರ್ ಗೆದ್ದದ್ದು 1994ರ ಪ್ರಶಸ್ತಿ, ಅಂದರೆ 1993–94ರ ಸೀಸನ್. ಫ್ಲೈಯರ್ಸ್ ಆಡಿದ ಎರಡೂ ಸೀಸನ್‌ಗಳ ಚಾಂಪಿಯನ್ ಸ್ಟೂರ್‌ಹಾಮರ್, 1995 ಮತ್ತು 1996. ಸಾಲಿಗೆ ‘1995’ ಎಂದು ಒಂದೇ ವರ್ಷ ಬರೆದರೆ ಯಾವ ಸೀಸನ್ ಎಂದು ಓದುವವರಿಗೆ ತಿಳಿಯುವುದಿಲ್ಲ. ಯಾವಾಗಲೂ ಎರಡು ವರ್ಷ ಬರೆ. ಲೀಗ್‌ನ ಹೆಸರನ್ನು ಆ ವರ್ಷ ಇದ್ದಂತೆಯೇ ಇಡು. ಅಗ್ರ ದರ್ಜೆಗೆ ಪ್ರಾಯೋಜಕರು ಬದಲಾದಂತೆ ಯುಪಿಸಿ-ಲೀಗನ್, ಗೆಟ್-ಲೀಗನ್, ಫ್ಯೋರ್ಡ್‌ಕ್ರಾಫ್ಟ್-ಲೀಗನ್ ಎಂದೆಲ್ಲ ಹೆಸರು ಬಂದವು. ಹೆಸರು ಬದಲಾದರೂ ದರ್ಜೆ ಅದೇ. ಪಕ್ಕದಲ್ಲಿ ‘ದರ್ಜೆ 1’ ಎಂಬ ಅಂಕಣವಿದ್ದರೆ ಗೊಂದಲ ತಪ್ಪುತ್ತದೆ. ಅಗ್ರ ದರ್ಜೆಯ ಕೆಳಗಿನ ಲೀಗ್‌ಗೆ ಅಲ್ಲಿ ‘ಮೊದಲ ಡಿವಿಷನ್’ ಎನ್ನುತ್ತಾರೆ, ಅದು ದರ್ಜೆ 2.

ಅಂಕಪಟ್ಟಿಯನ್ನು ನಕಲು ಮಾಡುವಾಗ ಆ ವರ್ಷದ ಅಂಕ ಪದ್ಧತಿಯನ್ನು ಮೊದಲು ಗುರುತಿಸು. ಹಳೆಯ ಪದ್ಧತಿಯಲ್ಲಿ ಗೆಲುವಿಗೆ 2, ಸಮಬಲಕ್ಕೆ 1. ಈಗಿನದರಲ್ಲಿ ನಿಗದಿತ ಸಮಯದ ಗೆಲುವಿಗೆ 3, ಓವರ್‌ಟೈಮ್ ಅಥವಾ ಪೆನಾಲ್ಟಿ ಹೊಡೆತದ ಗೆಲುವಿಗೆ 2, ಹಾಗೆ ಸೋತರೆ 1. ಯಾವುದು ಎಂದು ತಿಳಿಯಲು ಪಟ್ಟಿಯೇ ಸಾಕ್ಷಿ. ಉದಾಹರಣೆಗೆ 36 ಪಂದ್ಯದಲ್ಲಿ 20 ಗೆಲುವು, 4 ಸಮಬಲ, 12 ಸೋಲು ಎಂದಿಟ್ಟುಕೋ. ಅಂಕ 44 ಇದ್ದರೆ ಎರಡರ ಪದ್ಧತಿ, 64 ಇದ್ದರೆ ಮೂರರದ್ದು. ಹಳೆಯ ಅಂಕಗಳನ್ನು ಈಗಿನ ಪದ್ಧತಿಗೆ ಪರಿವರ್ತಿಸಬೇಡ. ಆ ವರ್ಷ ಆಟಗಾರರು ಸಮಬಲಕ್ಕೆ ಒಪ್ಪಿ ಆಡಿದ್ದು ಆ ನಿಯಮ ಇದ್ದುದರಿಂದಲೇ. ಪರಿವರ್ತಿಸಿದ ಅಂಕ ಯಾರೂ ಗಳಿಸದ ಅಂಕ.

ಆಮೇಲೆ ತಾಳೆ ನೋಡುವುದು. ಇದರಲ್ಲಿ ಸೋಮಾರಿತನ ಬೇಡ ಮಗಳೇ. ನಿನ್ನ ತಂಡದ ಸಾಲನ್ನು ಮಾತ್ರ ನಕಲು ಮಾಡದೆ ಇಡೀ ಲೀಗ್‌ನ ಪಟ್ಟಿಯನ್ನು ಇಳಿಸಿಕೋ. ಎಲ್ಲ ತಂಡಗಳ ಗೆಲುವು ಕೂಡಿದರೆ ಎಲ್ಲರ ಸೋಲಿಗೆ ಸಮನಾಗಬೇಕು. ಹೊಡೆದ ಗೋಲುಗಳ ಮೊತ್ತ ಬಿಟ್ಟುಕೊಟ್ಟ ಗೋಲುಗಳ ಮೊತ್ತಕ್ಕೆ ಸಮನಾಗಬೇಕು. ಹತ್ತು ತಂಡ, ಪ್ರತಿ ಜೋಡಿ ನಾಲ್ಕು ಸಲ ಆಡಿದರೆ ತಂಡಕ್ಕೆ 36, ಒಟ್ಟು 180 ಪಂದ್ಯ, ಎರಡರ ಪದ್ಧತಿಯಲ್ಲಿ ಒಟ್ಟು 360 ಅಂಕ. ಇತ್ತೀಚಿನ ವರ್ಷಗಳಂತೆ ಐದು ಸಲ ಆಡಿದರೆ ತಂಡಕ್ಕೆ 45, ಒಟ್ಟು 225 ಪಂದ್ಯ, 675 ಅಂಕ. ಮೊತ್ತ ಕೂಡಿಬರದಿದ್ದರೆ ಮೊದಲ ಅನುಮಾನ ಸ್ಕ್ಯಾನ್ ಮೇಲೆ ಇರಲಿ. ಯಂತ್ರ 3ನ್ನು 8 ಎಂದೂ, 1ನ್ನು 7 ಎಂದೂ ಓದುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ಕಣ್ಣಿನಿಂದ ಓದು. ಅಲ್ಲೂ ಸರಿಯಿದ್ದರೆ ಅಚ್ಚಿನ ತಪ್ಪಿರಬಹುದು, ಇನ್ನೊಂದು ಪತ್ರಿಕೆ ನೋಡು. ಎರಡು ಪತ್ರಿಕೆ ಒಂದೇ ತಪ್ಪು ಮಾಡಿದ್ದರೂ ಆಶ್ಚರ್ಯಪಡಬೇಡ, ಎರಡಕ್ಕೂ ಪಟ್ಟಿ ಎನ್‌ಟಿಬಿ ಸುದ್ದಿಸಂಸ್ಥೆಯಿಂದಲೇ ಬಂದಿರಬಹುದು. ಗೋಲುಗಳು ಸರಿಯಿದ್ದು ಅಂಕ ಮಾತ್ರ ಕಡಿಮೆ ಬಂದರೆ ಯಾರಿಗೋ ಅಂಕ ಕಡಿತದ ಶಿಕ್ಷೆಯಾಗಿದೆಯೇ ನೋಡು. ಸೀಸನ್ ಎರಡು ಹಂತಗಳಲ್ಲಿ ನಡೆದಿದ್ದರೆ ಮೊದಲ ಹಂತದ ಅಂಕ ಎರಡನೆಯದಕ್ಕೆ ಬಂತೇ, ಎಷ್ಟು ಬಂತು ಎಂಬುದನ್ನೂ ಕೇಳಿಕೋ. ಯಾವುದಾದರೂ ತಂಡ ನಡುವೆ ಆಟ ನಿಲ್ಲಿಸಿದ್ದರೆ ಅದರ ಪಂದ್ಯಗಳನ್ನು ಐಸ್ ಹಾಕಿ ಒಕ್ಕೂಟ ಉಳಿಸಿತೋ ರದ್ದುಮಾಡಿತೋ ಎಂಬುದರ ಮೇಲೆ ಎಲ್ಲರ ಸಾಲೂ ಬದಲಾಗುತ್ತದೆ.

ಪ್ರತಿ ಪಂದ್ಯಕ್ಕೂ ಮೂರು ಪೀರಿಯಡ್‌ಗಳ ಗೋಲು ಆವರಣದಲ್ಲಿರುತ್ತದೆ, ಕೂಡಿ ನೋಡು. ಪೆನಾಲ್ಟಿ ಹೊಡೆತದಲ್ಲಿ ತೀರ್ಮಾನವಾದರೆ ಎಷ್ಟು ಹೊಡೆತ ಒಳಗೆ ಹೋಗಿದ್ದರೂ ಗೆದ್ದವರಿಗೆ ಸೇರುವುದು ಒಂದೇ ಗೋಲು. ಪ್ಲೇಆಫ್ ಪುಟದಲ್ಲಿ ‘2–1’ ಎಂದು ಕಂಡರೆ ಅದು ಪಂದ್ಯದ ಗೋಲೋ, ಸರಣಿಯ ಗೆಲುವೋ ಎಂದು ಎರಡು ಸಲ ಓದು. ಸರಣಿ ಮೂರರದ್ದೋ ಐದರದ್ದೋ ಏಳರದ್ದೋ ಎಂಬುದು ವರ್ಷದಿಂದ ವರ್ಷಕ್ಕೆ, ಹಂತದಿಂದ ಹಂತಕ್ಕೆ ಬದಲಾಗಬಹುದು. ದಿನಾಂಕಕ್ಕೆ ಪಂದ್ಯ ಆರಂಭವಾದ ದಿನವನ್ನೇ ಹಿಡಿ. 2017ರ ಮಾರ್ಚ್ 12ರ ಸಂಜೆ ಹಾಮರ್‌ನಲ್ಲಿ ಶುರುವಾದ ಸ್ಟೂರ್‌ಹಾಮರ್–ಸ್ಪಾರ್ಟಾ ಕ್ವಾರ್ಟರ್‌ಫೈನಲ್ ಪಂದ್ಯ ಎಂಟನೇ ಓವರ್‌ಟೈಮ್‌ವರೆಗೆ ಹೋಗಿ, 217 ನಿಮಿಷ 14 ಸೆಕೆಂಡು ಆಡಿ ಮುಗಿದಾಗ ಮರುದಿನದ ನಸುಕು. ಸ್ಟೂರ್‌ಹಾಮರ್ 2–1ರಲ್ಲಿ ಗೆದ್ದಿತು. ಇದಕ್ಕೆ ಎರಡು ದಿನಾಂಕ ಕೊಟ್ಟು ಎರಡು ಪಂದ್ಯ ಮಾಡಿಬಿಡುವುದು ಎಷ್ಟು ಸುಲಭ ನೋಡು.

ತವರು ಪಂದ್ಯಗಳೆಲ್ಲ ಓಸ್ಲೋ ಸ್ಪೆಕ್ಟ್ರುಮ್‌ನಲ್ಲೇ ನಡೆದವು ಎಂದು ಊಹಿಸಿ ತುಂಬಬೇಡ. ಅದು ಬಹೂಪಯೋಗಿ ಸಭಾಂಗಣ. ಡಿಸೆಂಬರಿನ ನೊಬೆಲ್ ಶಾಂತಿ ಸಂಗೀತ ಕಾರ್ಯಕ್ರಮ ಹಲವು ವರ್ಷ ಅಲ್ಲಿ ನಡೆಯಿತು, 1996ರ ಮೇ 18ರಂದು ಯೂರೋವಿಷನ್ ಸ್ಪರ್ಧೆಯ ಫೈನಲ್ಲೂ ಅಲ್ಲೇ. ಅಂಥ ಕಾರ್ಯಕ್ರಮದ ಆಸುಪಾಸಿನ ಪಂದ್ಯ ಎಲ್ಲಿ ನಡೆಯಿತು ಎಂದು ಬೇರೆಯಾಗಿ ನೋಡಲೇಬೇಕು. ಪ್ರೇಕ್ಷಕರ ಸಂಖ್ಯೆ ಪತ್ರಿಕೆಗಳಲ್ಲಿ ಬೇರೆ ಬೇರೆ ಇದ್ದರೆ ಎರಡನ್ನೂ ಬರೆ, ಸರಾಸರಿ ತೆಗೆಯಬೇಡ.

ಈ ಕೆಲಸ ಮುಗಿಸಿ ಹಳೆಯ ಕಾಲದ ಇನ್ನೊಂದು ಕ್ಲಬ್ಬಿಗೆ ಕೈಹಾಕುತ್ತೀಯ ಎಂದು ನನಗೆ ಗೊತ್ತು. ಆಗ ಖಾಲಿ ಸಾಲುಗಳು ಬರುತ್ತವೆ. ನಾರ್ವೆಯ ಒಕ್ಕೂಟ ಹುಟ್ಟಿದ್ದು 1934ರಲ್ಲಿ, ಅದಕ್ಕೆ ಮೊದಲು ರಾಷ್ಟ್ರೀಯ ಪಟ್ಟಿಯೇ ಇಲ್ಲ. ಜರ್ಮನ್ ಆಕ್ರಮಣದ ಕಾಲದಲ್ಲಿ ಕ್ರೀಡಾಪಟುಗಳು ಅಧಿಕೃತ ಸ್ಪರ್ಧೆಗಳನ್ನು ಬಹಿಷ್ಕರಿಸಿದ್ದರಿಂದ 1941ರಿಂದ 1945ರವರೆಗೆ ಚಾಂಪಿಯನ್ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಪ್ಲೇಆಫ್ ರದ್ದಾಯಿತು. ಈ ವರ್ಷಗಳನ್ನು ಪಟ್ಟಿಯಿಂದ ಕೈಬಿಟ್ಟರೆ ತಂಡ ಆ ವರ್ಷ ಇರಲೇ ಇಲ್ಲ ಎಂಬ ಅರ್ಥ ಬರುತ್ತದೆ. ಸಾಲು ಇರಲಿ, ಯುದ್ಧದ ವರ್ಷಗಳಿಗೆ ‘ಸ್ಪರ್ಧೆ ನಡೆಯಲಿಲ್ಲ’ ಎಂದೂ, 2020ಕ್ಕೆ ಪ್ಲೇಆಫ್ ಅಂಕಣದಲ್ಲಿ ಮಾತ್ರ ‘ರದ್ದು’ ಎಂದೂ ಬರೆ. ಸ್ಪರ್ಧೆ ನಡೆದೂ ನಿನಗೆ ಅಂಕಿ ಸಿಗದಿದ್ದರೆ ಬೇರೆ ಗುರುತು ಹಾಕು. ಎರಡಕ್ಕೂ ಒಂದೇ ಗೆರೆ ಎಳೆಯಬೇಡ, ಸೊನ್ನೆಯನ್ನಂತೂ ಹಾಕಲೇಬೇಡ. ಸೊನ್ನೆ ಎಂದರೆ ಆಡಿ ಏನೂ ಗಳಿಸಲಿಲ್ಲ ಎಂದರ್ಥ.

ಪ್ರತಿ ಸಾಲಿನ ಕೊನೆಯಲ್ಲಿ ಯಾವ ಪತ್ರಿಕೆ, ಯಾವ ದಿನ, ಎಷ್ಟನೇ ಪುಟ ಎಂದು ಇರಲಿ. ಸ್ಕ್ಯಾನ್ ಚಿತ್ರದ ಕಡತಕ್ಕೆ ವರ್ಷ-ತಿಂಗಳು-ದಿನ, ಆಮೇಲೆ ಪತ್ರಿಕೆಯ ಹೆಸರು, ಆಮೇಲೆ ಪುಟ, ಈ ಕ್ರಮದಲ್ಲಿ ಹೆಸರಿಡು, ತಾನಾಗಿ ಸಾಲಾಗಿ ನಿಲ್ಲುತ್ತವೆ. ಮೊದಲು 1994–95ರ ಇಡೀ ಲೀಗ್‌ನ ಅಂತಿಮ ಪಟ್ಟಿಯನ್ನು ಇಳಿಸಿ, ಮೊತ್ತ ಕೂಡಿ, ನನಗೆ ಕಳಿಸು. ಅದು ತಾಳೆಯಾದ ಮೇಲೆ ಎರಡನೇ ಸೀಸನ್‌ಗೆ ಹೋಗೋಣ.

ಇಂತಿ ನಿನ್ನ
ದೊಡ್ಡಪ್ಪ