ಮೊಟ್ಟೆ ಪ್ರೇಮ್‌ಜಿ ಕೊಟ್ಟರು, ಮೇಷ್ಟ್ರನ್ನು ಯಾರು ಕೊಡ್ತಾರೆ?

ಸಂಪಾದಕರೇ,

ವಿಪ್ರೊ ಕಂಪನಿಯ ಅಜೀಂ ಪ್ರೇಮ್‌ಜಿ ಅವರ ಬದುಕಿನ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಚೆನ್ನಾಗಿತ್ತು, ಆದರೆ ಜಾಸ್ತಿ ಭಾಗ ಕೋಟಿಗಳ ಲೆಕ್ಕವೇ ಆಯ್ತು. 2019ರ ಹೊತ್ತಿಗೆ ಅವರು ಕೊಟ್ಟದ್ದು 1,45,000 ಕೋಟಿ ರೂಪಾಯಿ, ವಿಪ್ರೊ ಷೇರುಗಳ ಲಾಭದಲ್ಲಿ ಶೇ 67 ಪಾಲು ದಾನಕ್ಕೇ ಹೋಗುತ್ತದೆ, ಎಲ್ಲಾ ಸರಿ. ಆದರೆ ಅಷ್ಟಕ್ಕೇ ಕಲಿಯುಗದ ಕರ್ಣ ಅಂತ ಕೈ ಮುಗಿದು ಸುಮ್ನಾದರೆ ಆ ದುಡ್ಡು ಎಲ್ಲಿಗೆ ಹೋಯ್ತು, ಯಾಕೆ ಅಲ್ಲಿಗೇ ಹೋಯ್ತು ಅನ್ನೋದು ಯಾರಿಗೂ ತಿಳಿಯಲ್ಲ.

ಶುರುವಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1966ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ 21 ವರ್ಷ. ಸ್ಟ್ಯಾನ್‌ಫರ್ಡ್ ಓದು ಅರ್ಧಕ್ಕೆ ಬಿಟ್ಟು ಬಂದು ಮಹಾರಾಷ್ಟ್ರದ ಅಮಲ್ನೇರ್‌ನ ವನಸ್ಪತಿ ಕಂಪನಿಯನ್ನು ಕೈಗೆ ತಗೊಂಡರು, ಅದೇ ಇವತ್ತಿನ ವಿಪ್ರೊ. ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ನಮ್ಮ ದೇಶ ಬಿಟ್ಟು ಹೋದ ಮೇಲೆ ಕಂಪ್ಯೂಟರಿಗೆ ಇಳಿದರು.

ನನಗೆ ಮುಖ್ಯ ಅನ್ನಿಸುವುದು 2001ರ ನಂತರದ್ದು. ಆ ವರ್ಷ ಅವರ ದಾನದ ಸಂಸ್ಥೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಶುರುವಾಯಿತು. ಮೊದಮೊದಲು ಅವರೂ ಕಂಪ್ಯೂಟರನ್ನೇ ನಂಬಿದ್ದರು. ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿ ಸರ್ಕಾರಿ ಶಾಲೆಗಳಿಗೆ ಕೊಟ್ಟರು. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಆ ಕಾಲದ ಶಾಲೆಯ ಕಂಪ್ಯೂಟರ್ ಕೋಣೆ ಹೇಗಿರುತ್ತಿತ್ತು ಅಂತ ಗೊತ್ತು: ಒಂದು ಪರದೆಗೆ ಐದಾರು ಮಕ್ಕಳು, ಮೌಸ್ ಮಾತ್ರ ಗಟ್ಟಿಗನ ಕೈಯಲ್ಲಿ, ಕರೆಂಟು ಹೋದರೆ ಪಾಠವೂ ಹೋಯ್ತು. ಕೆಲವು ವರ್ಷ ನೋಡಿದ ಮೇಲೆ ಇದರಿಂದ ಕಲಿಕೆ ಸುಧಾರಿಸಲ್ಲ, ಶಿಕ್ಷಕರೇ ಮುಖ್ಯ ಅಂತ ಫೌಂಡೇಶನ್ ಆ ಕೆಲಸದಿಂದ ಹಿಂದೆ ಸರಿಯಿತು. ಕಂಪ್ಯೂಟರಿನಿಂದಲೇ ಶ್ರೀಮಂತರಾದವರು ಹೀಗೆ ಮಾಡುವುದು ಸಣ್ಣ ಮಾತಲ್ಲ. (ಈಗ ಊರೂರಿಗೆ ಸ್ಮಾರ್ಟ್ ಬೋರ್ಡ್ ಹಂಚುವವರು ಇದನ್ನೊಮ್ಮೆ ಓದಿಕೊಂಡರೆ ಒಳ್ಳೇದು.)

ಆಮೇಲೆ ಅವರು ಹಿಡಿದದ್ದು ಶಿಕ್ಷಕರ ಜೊತೆ ಕೂತು ಕೆಲಸ ಮಾಡುವ ದಾರಿ. ಯಾದಗಿರಿ, ಸುರಪುರದ ಕಡೆ ಶಿಕ್ಷಕರ ಕಲಿಕಾ ಕೇಂದ್ರಗಳಿವೆ. ಶಾಲೆ ಬಿಟ್ಟ ಮೇಲೆ, ರಜೆ ದಿನ, ಯಾರ ಬಲವಂತವೂ ಇಲ್ಲದೆ ಮೇಷ್ಟ್ರುಗಳು ಬಂದು ಭಿನ್ನರಾಶಿ ಹೇಗೆ ಹೇಳಿಕೊಡೋದು ಅಂತ ಚರ್ಚೆ ಮಾಡುತ್ತಾರೆ. ಯಾದಗಿರಿಯಂಥ ಕೆಲವು ಕಡೆ ಅವರದೇ ಉಚಿತ ಶಾಲೆ ಇದೆ, ನಿಜ. ಆದರೆ ಇಷ್ಟು ದುಡ್ಡಿರುವವರು ತಾಲ್ಲೂಕಿಗೊಂದು ಇಂಟರ್‌ನ್ಯಾಷನಲ್ ಸ್ಕೂಲ್ ಕಟ್ಟಬಹುದಿತ್ತು. ಕಟ್ಟಲಿಲ್ಲ. ಸರ್ಕಾರಿ ಶಾಲೆ ಬೆನ್ನಿಗೆ ನಿಂತರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮಾಡಿದ್ದೂ ಈ ಕೆಲಸಕ್ಕೆ ಜನರನ್ನು ತಯಾರು ಮಾಡುವುದಕ್ಕೇ.

ಈಗ ಮೊಟ್ಟೆಯ ವಿಷಯಕ್ಕೆ ಬರ್ತೀನಿ. ಶಾಲೆಯ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ನಮ್ಮ ರಾಜ್ಯ ಸರ್ಕಾರ ಕೊಡುತ್ತಿದ್ದ ಮೊಟ್ಟೆ 2024ರಿಂದ ಆರು ದಿನ ಆಯಿತು. ಉಳಿದ ನಾಲ್ಕು ದಿನದ ಖರ್ಚು ಫೌಂಡೇಶನ್ನಿನದು, ಮೂರು ವರ್ಷಕ್ಕೆ 1,591 ಕೋಟಿ. ಸುಮಾರು 55 ಲಕ್ಷ ಮಕ್ಕಳ ಲೆಕ್ಕ ಅದು. ಶುರುವಿನಲ್ಲಿ ಒಂದು ಮೊಟ್ಟೆಗೆ ಇಟ್ಟದ್ದು 6 ರೂಪಾಯಿ, ಬೇಯಿಸಿ ಸಿಪ್ಪೆ ಸುಲಿಯುವ ಖರ್ಚೂ ಅದರಲ್ಲೇ. ಚಳಿಗಾಲ ಬಂತೆಂದರೆ ಅಂಗಡಿಯಲ್ಲಿ ಮೊಟ್ಟೆ ರೇಟು ಏರುತ್ತದೆ, ಮುಖ್ಯ ಶಿಕ್ಷಕರು ಬೆಳಗ್ಗೆ ಎದ್ದು ಮೊದಲು ನೋಡುವುದೇ ಅದನ್ನು. ಆದರೂ ಊಟದ ಹೊತ್ತಿಗೆ ಒಮ್ಮೆ ಶಾಲೆಗೆ ಹೋಗಿ ನೋಡಿ. ಕೆಲವರು ಬಿಳಿ ಭಾಗವನ್ನೆಲ್ಲಾ ಮೊದಲು ತಿಂದು ಹಳದಿ ಭಾಗವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಸಣ್ಣ ತರಗತಿಯ ಒಂದೊಂದು ಮಗು ಅರ್ಧ ತಿಂದು ಅರ್ಧ ತಮ್ಮನಿಗೆ ಅಂತ ಜೇಬಿಗೆ ಹಾಕಿಕೊಳ್ಳುತ್ತದೆ, ಟೀಚರು ಬೈದು ಅಲ್ಲೇ ತಿನ್ನಿಸಬೇಕು.

ನನ್ನ ಪ್ರಶ್ನೆ ಇಷ್ಟೇ. ಈ ಮೂರು ವರ್ಷ 2027ಕ್ಕೆ ಮುಗಿಯುತ್ತದೆ, ಅಲ್ವಾ? ಆಮೇಲೆ ಮತ್ತೆ ಎರಡು ದಿನವೇ? ಮಕ್ಕಳಿಗೆ ಮೊಟ್ಟೆ ಕೊಡೋದು ಯಾರೋ ಪುಣ್ಯಾತ್ಮರ ಮನಸ್ಸಿನ ಮೇಲೆ ನಿಲ್ಲಬಾರದು, ಅದು ಬಜೆಟ್ಟಿನಲ್ಲಿರಬೇಕು. ಸರ್ಕಾರಿ ಶಾಲೆಯಲ್ಲಿ ಓದಿ ಡಿಗ್ರಿ ಸೇರಿದ ಹೆಣ್ಣುಮಕ್ಕಳಿಗೆ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಆದರೆ ಅವರು ಅಲ್ಲಿಯವರೆಗೆ ಬರಬೇಕಾದರೆ ಹಳ್ಳಿ ಶಾಲೆಯಲ್ಲಿ ಗಣಿತ ಮೇಷ್ಟ್ರು ಇರಬೇಕಲ್ಲ. ನಮ್ಮ ಕಡೆ ಎಷ್ಟೋ ಶಾಲೆ ನಡೆಯುತ್ತಿರುವುದು ಅತಿಥಿ ಶಿಕ್ಷಕರಿಂದ. ಕಾಯಂ ಮೇಷ್ಟ್ರನ್ನೂ ಪ್ರೇಮ್‌ಜಿಯವರೇ ನೇಮಕ ಮಾಡಲಿ ಅಂತ ಸರ್ಕಾರದವರು ಕಾಯ್ತಿದ್ದಾರೋ ಏನೋ.

ದಯವಿಟ್ಟು ನಿಮ್ಮ ವರದಿಗಾರರನ್ನು ಶಿಕ್ಷಣ ಸಚಿವರ ಹತ್ತಿರ ಕಳಿಸಿ. 2027ರ ಮೊಟ್ಟೆಗೆ ದುಡ್ಡು ಎಲ್ಲಿಂದ, ಖಾಲಿ ಹುದ್ದೆಗಳಿಗೆ ಕಾಯಂ ಶಿಕ್ಷಕರು ಯಾವಾಗ ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಪ್ರಕಟಿಸಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ಕೊಪ್ಪಳ ಜಿಲ್ಲೆ