ಊರಿಂದ ಹಿರಿಯರು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ರಜೆಗೆ ನಮ್ಮಲ್ಲಿ ಹಲವರ ಮನೆಗೆ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಿದ್ದಾರೆ. ಟಿಕೆಟ್ ಮಾಡಿಸುವ ಮೊದಲೇ ಪಾಸ್‌ಪೋರ್ಟ್ ನೋಡಿ. ಬಹಳಷ್ಟು ದೇಶಗಳಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ವಿಮೆ ಮಾಡಿಸುವಾಗ ಬಿಪಿ, ಶುಗರ್ ಇರುವುದನ್ನು ಮುಚ್ಚಿಡಬೇಡಿ. ಮಾತ್ರೆಗಳು ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇರಲಿ.

ಇನ್ನು ಇಲ್ಲಿಯ ಸೆಕೆ. ಮೈ ಒಗ್ಗಲು ಒಂದೆರಡು ವಾರ ಬೇಕು. ಬಂದ ಮರುದಿನವೇ ಸುತ್ತಿಸುವ ಉತ್ಸಾಹ ನಮಗೆ, ಸುಸ್ತು ಅವರಿಗೆ! ತಿರುಗಾಟ ಬೆಳಗ್ಗೆ ಅಥವಾ ಸಂಜೆ ಇಟ್ಟುಕೊಳ್ಳಿ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ನೀವೇ ಆಗಾಗ ನೀರು ಕೊಡಿ. ಹೃದಯ, ಕಿಡ್ನಿ ತೊಂದರೆ ಇದ್ದರೆ ಎಷ್ಟು ನೀರೆಂದು ಡಾಕ್ಟರನ್ನೇ ಕೇಳಿ.

ಡೆಂಗಿ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲಿ, ಹಾಗಾಗಿ ರಾತ್ರಿ ಪರದೆ ಕಟ್ಟಿದರಷ್ಟೇ ಸಾಲದು. ಬಕೆಟ್, ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ. ಜ್ವರ ಬಂದರೆ ನೀವಾಗಿಯೇ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಡಾಕ್ಟರಿಗೆ ತೋರಿಸಿ.

ಯಾರ ಮನೆಗೆ ಯಾವ ತಾರೀಕಿಗೆ ಬರುತ್ತಾರೆ ಅಂತ ಭಾನುವಾರದೊಳಗೆ ಇಲ್ಲೇ ತಿಳಿಸಿ. ಹೆಚ್ಚುವರಿ ಹಾಸಿಗೆ, ವೀಲ್‌ಚೇರ್ ಇರುವವರೂ ಹೇಳಿ. ಪಾಸ್‌ಪೋರ್ಟ್ ಫೋಟೊ ಮಾತ್ರ ದಯವಿಟ್ಟು ಗುಂಪಿಗೆ ಹಾಕಬೇಡಿ.