ಶಾಲೆ ನಡೆಯುವ ಪ್ರತಿದಿನವೂ ನರ್ಸ್ ಇರಬೇಕು: ಸಂಬಳ ನಿಧಿಗೆ ದೇಣಿಗೆ ಮನವಿ

ಆತ್ಮೀಯ ಪೋಷಕರೇ, ಹಳೆಯ ವಿದ್ಯಾರ್ಥಿಗಳೇ, ಶಾಲೆಯ ಹಿತೈಷಿಗಳೇ,

ನಮ್ಮ ಶಾಲೆಯ ಆರೋಗ್ಯ ಕೊಠಡಿಯಲ್ಲಿ ಈಗ ನರ್ಸ್ ಇರುವುದು ವಾರಕ್ಕೆ ಎರಡು ದಿನ ಮಾತ್ರ. ಉಳಿದ ದಿನ ಕೊಠಡಿಯ ಬೀಗದ ಕೈ ಕಚೇರಿಯಲ್ಲಿರುತ್ತದೆ. ಮಗುವಿಗೆ ಏನಾದರೂ ಆದರೆ ಪಾಠ ನಿಲ್ಲಿಸಿ ಓಡಿಬರುವವರು ಶಿಕ್ಷಕರೇ. ಆಸ್ತಮಾ, ಮೂರ್ಛೆ, ಅಲರ್ಜಿ ಇವು ವಾರ ನೋಡಿಕೊಂಡು ಬರುವುದಿಲ್ಲ. ಹಾಗಾಗಿ ಬರುವ ಶೈಕ್ಷಣಿಕ ವರ್ಷದಿಂದ ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ತರಬೇತಿ ಪಡೆದ ನರ್ಸ್ ಒಬ್ಬರು ಶಾಲೆಯಲ್ಲೇ ಇರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಅವರ ಸಂಬಳಕ್ಕೆ ನಿಮ್ಮ ನೆರವು ಕೋರುತ್ತಿದ್ದೇವೆ.

ಕಟ್ಟಡಕ್ಕೆ, ಕಂಪ್ಯೂಟರಿಗೆ, ಗ್ರಂಥಾಲಯಕ್ಕೆ ಕೊಟ್ಟವರು ಹಲವರಿದ್ದಾರೆ. ಅವರ ಋಣ ದೊಡ್ಡದು. ಸಂಬಳಕ್ಕೆಂದು ಕೇಳಿದರೆ ಕೊಡುವವರು ಕಡಿಮೆ. ಕೊಟ್ಟದ್ದು ಕಣ್ಣಿಗೆ ಕಾಣುವಂತೆ ಉಳಿಯುವುದಿಲ್ಲವಲ್ಲ. ಆದರೆ ಮಂಚ, ತೂಕದ ಯಂತ್ರ, ಔಷಧಿ ಪೆಟ್ಟಿಗೆ ಎಲ್ಲವೂ ನಮ್ಮಲ್ಲಿವೆ. ಅವನ್ನು ಬಳಸಬಲ್ಲವರು ವಾರದ ಬಹುಪಾಲು ದಿನ ಇಲ್ಲ.

ಟೈಪ್ 1 ಮಧುಮೇಹವಿರುವ ಮಗುವೊಂದು ಪರೀಕ್ಷೆ ಬರೆಯುತ್ತಿದೆ ಎಂದುಕೊಳ್ಳಿ. ಅರ್ಧ ಪುಟದ ಹೊತ್ತಿಗೆ ಅಕ್ಷರಗಳು ಗೆರೆ ಬಿಟ್ಟು ಇಳಿಯತೊಡಗುತ್ತವೆ. ಹಣೆಯಲ್ಲಿ ಬೆವರು, ಬೆರಳಲ್ಲಿ ನಡುಕ, ಏನಾಯಿತೆಂದು ಕೇಳಿದರೆ ಸಿಡುಕು. ಕೊಠಡಿಯ ಮೇಲ್ವಿಚಾರಕರಿಗೆ ಇದು ಪರೀಕ್ಷೆಯ ಭಯದಂತೆ ಕಾಣುತ್ತದೆ. ನರ್ಸ್ ಆದರೆ ಮೊದಲು ಬೆರಳ ತುದಿ ಚುಚ್ಚಿ ಗ್ಲೂಕೋಮೀಟರ್ ನೋಡುತ್ತಾರೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಸುಮಾರು 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಮಗು ಚೇತರಿಸಿಕೊಂಡು ಉತ್ತರ ಪತ್ರಿಕೆಗೆ ಮರಳುತ್ತದೆ. ಅದೇ ಯಾರೂ ಗುರುತಿಸದೆ ಹೋದರೆ ಪ್ರಜ್ಞೆ ತಪ್ಪಬಹುದು, ಆಂಬುಲೆನ್ಸ್ ಕರೆಯಬೇಕಾಗಬಹುದು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಇಂಥ ಮಗುವಿನ ತಾಯಿಯೋ ತಂದೆಯೋ ಮಧ್ಯಾಹ್ನದ ಇನ್ಸುಲಿನ್‌ಗಾಗಿ ದಿನವೂ ಕೆಲಸ ಬಿಟ್ಟು ಬರಬೇಕಾಗುತ್ತದೆ. ನರ್ಸ್ ಇದ್ದರೆ ಆ ಮನೆಯ ದುಡಿಮೆಯೂ ಉಳಿಯುತ್ತದೆ.

ತುರ್ತು ಸಂದರ್ಭಗಳು ಎಲ್ಲರಿಗೂ ಅರ್ಥವಾಗುತ್ತವೆ. ನಮಗೆ ಹೆಚ್ಚು ನೋವು ತರುವುದು ಸದ್ದಿಲ್ಲದೆ ನಡೆಯುವ ನಷ್ಟ. ಹಲಗೆ ಮಸುಕಾಗಿ ಕಾಣುವ ಮಗು ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ನಂಬಿರುತ್ತದೆ. ದೂರು ಹೇಳುವುದೇ ಇಲ್ಲ. ಡಚ್ ನೇತ್ರತಜ್ಞ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಗಳ ಪಟ, ಆರು ಮೀಟರ್ ಜಾಗ, ಕೆಲವು ನಿಮಿಷ, ಇಷ್ಟರಲ್ಲೇ ತೊಂದರೆಯ ಸುಳಿವು ಸಿಗುತ್ತದೆ. ಕಿವಿಪೊರೆಯ ಹಿಂದೆ ದ್ರವ ತುಂಬಿ ಅರ್ಧ ಪಾಠ ಕೇಳಿಸದ ಮಗುವನ್ನು ಸೋಮಾರಿ ಎನ್ನುತ್ತೇವೆ. ಕೆಲವು ಸೆಕೆಂಡು ದಿಟ್ಟಿಸಿ ನಿಂತು, ಮತ್ತೆ ಏನೂ ಆಗದಂತೆ ಬರೆಯುವ ಮಗುವನ್ನು ಹಗಲುಗನಸಿನವಳು ಎಂದು ಗದರುತ್ತೇವೆ. ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ರಕ್ತಹೀನತೆಯಿಂದ ದಣಿದ ಹುಡುಗಿಗೆ ಗಮನ ಕೊಡು ಎಂದು ಎಷ್ಟು ಹೇಳಿದರೇನು? ಇಂಥ ಮಕ್ಕಳಿಗೆ ಬುದ್ಧಿಯ ಕೊರತೆ ಇಲ್ಲ. ಅಂಕಪಟ್ಟಿಯಲ್ಲಿ ಮಾತ್ರ ಅದು ಹಾಗೆ ದಾಖಲಾಗುತ್ತದೆ.

ನರ್ಸ್ ಬರೆದಿಡುವ ಪುಸ್ತಕದ ಬೆಲೆ ಅದನ್ನು ಓದಿದಾಗಲೇ ತಿಳಿಯುವುದು. ದಿನಾಂಕ, ವೇಳೆ, ತರಗತಿ, ಏನು ತೊಂದರೆ, ಏನು ಮಾಡಿದೆವು, ಅಷ್ಟೇ ಕಲಮುಗಳು. ಒಂದೇ ಮಗು ಒಂದೇ ಅವಧಿಗೆ ಮುಂಚೆ ಪದೇ ಪದೇ ಹೊಟ್ಟೆನೋವೆಂದು ಬಂದಿದ್ದರೆ ಆ ನೋವು ಸುಳ್ಳಲ್ಲ. ಅದರ ಬೇರು ಮಾತ್ರ ಹೊಟ್ಟೆಯಲ್ಲಿ ಇಲ್ಲದಿರಬಹುದು. ಖಾಲಿ ಹೊಟ್ಟೆಯೋ, ಲೆಕ್ಕದ ಭಯವೋ, ಯಾರದೋ ಕಾಟವೋ ಎಂದು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಬೇಕು. ಆಸ್ತಮಾದ ತುರ್ತು ಇನ್‌ಹೇಲರನ್ನು ವಾರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಳಸುತ್ತಿರುವ ಮಗುವಿನ ಕಾಯಿಲೆ ಹತೋಟಿಯಲ್ಲಿಲ್ಲ ಎಂಬುದನ್ನೂ ಈ ಪುಸ್ತಕವೇ ಹೇಳುತ್ತದೆ. ಎರಡು ದಿನ ತುಂಬಿ ಉಳಿದ ದಿನ ಖಾಲಿ ಬಿಟ್ಟ ಪುಸ್ತಕದಲ್ಲಿ ಈ ಯಾವ ಸುಳಿವೂ ಸಿಗುವುದಿಲ್ಲ. ನಾವು ಪ್ರತಿದಿನದ ನರ್ಸ್‌ಗಾಗಿ ಹಟ ಹಿಡಿದಿರುವುದಕ್ಕೆ ಮುಖ್ಯ ಕಾರಣ ಇದೇ.

ಇದು ಹೊಸ ಕಲ್ಪನೆಯೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ನಗರದ ವೈದ್ಯರು ಶಾಲೆಗಳಿಗೆ ಹೋಗಿ, ಕಣ್ಣುಬೇನೆ, ಚರ್ಮರೋಗ ಕಂಡ ಮಕ್ಕಳನ್ನು ಮನೆಗೆ ಕಳುಹಿಸುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಸಿಗದ ಮಕ್ಕಳು ಶಾಲೆಯಿಂದಲೇ ದೂರವಾಗುತ್ತಿದ್ದರು. 1902ರ ಅಕ್ಟೋಬರ್‌ನಲ್ಲಿ ಲೀನಾ ರೋಜರ್ಸ್ ಎಂಬ ನರ್ಸ್ ಪ್ರಯೋಗಾರ್ಥವಾಗಿ ನಾಲ್ಕು ಶಾಲೆಗಳ ಹೊಣೆ ಹೊತ್ತರು. ಶಾಲೆಯಲ್ಲೇ ಗಾಯ ತೊಳೆದು ಮದ್ದು ಹಚ್ಚಿದರು, ಮನೆಮನೆಗೆ ಹೋಗಿ ತಾಯಂದಿರಿಗೆ ಆರೈಕೆ ಕಲಿಸಿದರು. ಗೈರುಹಾಜರಿ ಎಷ್ಟು ಇಳಿಯಿತೆಂದರೆ ನಗರಾಡಳಿತವೇ ಮುಂದೆ ಬಂದು ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು.

ನರ್ಸ್ ವೈದ್ಯರ ಬದಲಿಯಲ್ಲ; ಯಾರನ್ನು ವೈದ್ಯರ ಬಳಿಗೆ ಕಳುಹಿಸಬೇಕು, ಯಾರನ್ನು ತರಗತಿಗೆ ಮರಳಿಸಬಹುದು ಎಂದು ತೂಗಿ ನೋಡುವವರು. ಶಿಕ್ಷಕರಿಗೂ ಅವರೇ ಕಲಿಸುತ್ತಾರೆ: ಮೂರ್ಛೆ ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಬೇಕು. ಮೊದಲ ಸಲ ಮುಟ್ಟಾಗಿ ದಿಗಿಲುಬಿದ್ದ ಹುಡುಗಿಗೆ ಪ್ಯಾಡ್ ಕೊಟ್ಟು, ಹೆದರಬೇಡ ಎಂದು ಹೇಳುವ ಹಿರಿಯ ಜೀವವೂ ಅವರೇ.

ನಿಮ್ಮ ದೇಣಿಗೆ ಮೊದಲು ಸಂಬಳಕ್ಕೆ ಹೋಗುತ್ತದೆ. ಮಿಕ್ಕರೆ ಗ್ಲೂಕೋಮೀಟರ್ ಪಟ್ಟಿ, ಇನ್‌ಹೇಲರ್‌ಗೆ ಜೋಡಿಸುವ ಸ್ಪೇಸರ್, ಬ್ಯಾಂಡೇಜು, ಪ್ಯಾಡುಗಳಿಗೆ. ಅವಧಿ ಮುಗಿದ ಸಾಮಗ್ರಿಯನ್ನು ಆಗಿಂದಾಗ್ಗೆ ಬದಲಿಸಬೇಕಾಗುವುದರಿಂದ ಆ ಖರ್ಚು ನಿಲ್ಲುವಂಥದ್ದಲ್ಲ. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವಿಗೂ ದಿನನಿತ್ಯದ ಔಷಧಿ ಕೊಡುವುದಿಲ್ಲ. ಮಕ್ಕಳ ಆರೋಗ್ಯದ ವಿವರಗಳನ್ನು ದಾನಿಗಳಿಗೂ ತೋರಿಸುವುದಿಲ್ಲ. ದಯವಿಟ್ಟು ಇದನ್ನು ಅನ್ಯಥಾ ಭಾವಿಸಬೇಡಿ. ನಿಧಿಯ ಲೆಕ್ಕಪತ್ರ ಮಾತ್ರ ಪ್ರತ್ಯೇಕವಾಗಿದ್ದು, ಯಾರು ಬೇಕಾದರೂ ಬಂದು ನೋಡಬಹುದು.

ಸಂಬಳ ತಿಂಗಳು ತಿಂಗಳು ಕೊಡಬೇಕಾದದ್ದು. ಆದ್ದರಿಂದ ಒಮ್ಮೆಗೇ ದೊಡ್ಡ ಮೊತ್ತ ಕೊಡುವುದಕ್ಕಿಂತ, ಚಿಕ್ಕದಾದರೂ ಸರಿ, ತಿಂಗಳಿಗೆ ಇಷ್ಟೆಂದು ಒಂದು ವರ್ಷಕ್ಕೆ ಒಪ್ಪಿಕೊಂಡರೆ ನಮಗೆ ಹೆಚ್ಚು ಅನುಕೂಲ. ಶಾಲಾ ಕಚೇರಿಯಲ್ಲಿ ‘ನರ್ಸ್ ಸಂಬಳ ನಿಧಿ’ ಎಂದು ನಮೂದಿಸಿ ಹಣ ಅಥವಾ ಚೆಕ್ ಕೊಟ್ಟು ರಸೀದಿ ಪಡೆಯಿರಿ. ನಿವೃತ್ತ ನರ್ಸ್‌ಗಳು ಯಾರಾದರೂ ರಜೆಯ ದಿನಗಳಿಗೆ ಬದಲಿಯಾಗಿ ಬರಲು ಸಿದ್ಧರಿದ್ದರೆ ಅವರೂ ಮುಖ್ಯೋಪಾಧ್ಯಾಯರನ್ನು ಕಾಣಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಶಾಲಾ ಆಡಳಿತ ಮಂಡಳಿ ಮತ್ತು ಶಿಕ್ಷಕ ವೃಂದ